ಹತ್ತಿ ಟಾಕೀಸಿನ ಪರದೆ

ಮಾನ್ವಿಯ ಹತ್ತಿ ಟಾಕೀಸಿಗೆ ಬೇರೊಂದು ಹೆಸರೂ ಇತ್ತು. ಮುಂಬಾಗಿಲ ಮೇಲೆ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬರೆಸಿದ್ದರು. ಅದನ್ನು ಪೂರ್ತಿ ಓದಿದವನು ಬರೆದ ಪೇಂಟರ್ ಒಬ್ಬನೇ ಇರಬೇಕು. ಅವನೂ ಮೂರರಲ್ಲಿ ಎರಡನ್ನು ನೋಡಿ ನಕಲು ಮಾಡಿದವನು. ಊರ ಬಾಯಲ್ಲಿ ಮಾತ್ರ ಅದು ಹತ್ತಿ ಟಾಕೀಸೇ.

ನಿಜಾಮರ ಕಾಲದಲ್ಲಿ ಅದು ಹತ್ತಿ ಗೋದಾಮು. ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಬೀಗ ಬಿತ್ತು. ಆಮೇಲೆ ಹಲವು ವರ್ಷ ಬಾವಲಿಗಳು ಬಾಡಿಗೆ ಕೊಡದೆ ಅಲ್ಲಿ ಸಂಸಾರ ಮಾಡಿದವು. ಮುಂದೆ ಸತ್ತಾರ್ ಸಾಬನ ಅಪ್ಪ ಅದನ್ನು ಕೊಂಡು, ಒಂದು ಗೋಡೆಗೆ ಸುಣ್ಣ ಬಳಿಸಿ, ಎದುರಿಗೆ ಮಷೀನು ಕೂಡ್ರಿಸಿ, ನಡುವೆ ಬೆಂಚು ಹಾಕಿಸಿ ಟಾಕೀಸು ಮಾಡಿದ. ಬಾವಲಿ ಹೋದವು, ಹತ್ತಿ ಹೋಗಲಿಲ್ಲ. ತೊಲೆಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅರಳೆ ಯಾವಾಗ ಬೇಕಾದರೂ ಇಳಿಯುತ್ತಿತ್ತು. ನಾಯಕ ನಾಯಕಿ ಕಾಶ್ಮೀರದ ಹಿಮದಲ್ಲಿ ಉರುಳಾಡುವ ಹಾಡು ಬಂದು, ಮುಂದಿನ ಬೆಂಚಿನವರು ಖುಷಿಗೆ ಕಾಲು ಕುಟ್ಟಿದರೆ, ಹಿಮ ಮಾನ್ವಿಯವರ ತಲೆ ಮೇಲೂ ಬೀಳುತ್ತಿತ್ತು. ಇಂಥ ಸೌಲಭ್ಯ ರಾಯಚೂರಿನ ದೊಡ್ಡ ಟಾಕೀಸುಗಳಲ್ಲೂ ಇರಲಿಲ್ಲ.

ಒಳಗೆ ಹಿಂಭಾಗದಲ್ಲಿ, ಒಂದು ಕಾಲಕ್ಕೆ ಹತ್ತಿಯ ಅಂಡಿಗೆ ಒಟ್ಟುತ್ತಿದ್ದ ಎತ್ತರದ ಕಟ್ಟೆ. ಅದು ಜನಾನಾ, ಅಂದರೆ ಹೆಂಗಸರ ಕ್ಲಾಸು. ಅದಕ್ಕೆ ಬಾಗಿಲು ಬೇರೆ, ಹಿಂದಿನ ಓಣಿಯಿಂದ. ಕಟ್ಟೆಯ ಮುಂದೆ ಗಂಡಸರ ಬೆಂಚು. ಎರಡರ ನಡುವೆ ಈ ಗೋಡೆಯಿಂದ ಆ ಗೋಡೆಯ ತನಕ ಒಂದು ಕೆಂಪು ಪರದೆ. ದೀಪ ಆರಿ ಸಿನಿಮಾ ಶುರುವಾದ ಮೇಲೆ ಪರದೆ ಸರಿಯುತ್ತಿತ್ತು. ಇಂಟರ್‌ವಲ್ಲಿಗೆ ದೀಪ ಹತ್ತುವ ಮೊದಲು ಮುಚ್ಚುತ್ತಿತ್ತು. ಹೆಂಗಸರಿಗೆ ಕಾಣುತ್ತಿದ್ದದ್ದು ಕತ್ತಲಲ್ಲಿ ಗಂಡಸರ ಬೋಳು ಹಿಂದಲೆಗಳು ಮಾತ್ರ. ಗಂಡಸರಿಗೆ ಹೆಂಗಸರ ಮೂಗು ಸೀನುವ ಸದ್ದು ಮಾತ್ರ.

ಆ ಪರದೆಯ ಹಗ್ಗ ಇದ್ದದ್ದು ದಾವಲ್ ಬೀಯ ಕೈಯಲ್ಲಿ.

ದಾವಲ್ ಬೀಗೆ ಟಾಕೀಸಿನಲ್ಲಿ ಇದ್ದದ್ದು ಎರಡೇ ಕೆಲಸ: ಜನಾನಾ ಬಾಗಿಲಲ್ಲಿ ಟಿಕೆಟ್ ಹರಿಯುವುದು, ಪರದೆ ಜಗ್ಗುವುದು. ಆದರೆ ಆಕೆ ನಡೆಯುತ್ತಿದ್ದ ರೀತಿಗೆ ಇಡೀ ಕಟ್ಟಡ ಆಕೆಯ ತವರಿನಿಂದ ಬಳುವಳಿ ಬಂದದ್ದು ಅನ್ನಿಸಬೇಕು. ಆಕೆ ಹಗ್ಗ ಜಗ್ಗಿ "ಪರದಾ!" ಅಂತ ಕೂಗುವ ತನಕ ಆಪರೇಟರ್ ದೀಪ ಹಾಕುವಂತಿರಲಿಲ್ಲ. ಸಿನಿಮಾ ದುಃಖದ್ದಾಗಿದ್ದರೆ, ಹೆಂಗಸರೆಲ್ಲ ಸೆರಗಿನಿಂದ ಮುಖ ಒರೆಸಿಕೊಂಡು ಮನುಷ್ಯರಂತೆ ಕಾಣುವ ತನಕ ಆಕೆ ಕೂಗುತ್ತಿರಲಿಲ್ಲ. ಗಂಡಸರು ಕತ್ತಲಲ್ಲಿ ಚಹಾಕ್ಕೆ ಒದರುತ್ತಿದ್ದರು.

"ಪೊಲೀಸ್ ಸರ್ಕಲ್ ಸಾಹೇಬ್ರು ಹಗಲೊತ್ತಿನಾಗ ಕತ್ತಲಿ ಮಾಡ್ತಾರೇನು?" ಅಂತ ದಾವಲ್ ಬೀ ಕೇಳುತ್ತಿದ್ದಳು. "ನಾ ಮಾಡ್ತೀನಿ. ಬೆಳಕೂ ನಾನೇ ಮಾಡ್ತೀನಿ."

ಟಿಕೆಟ್ ಹರಿಯುವುದರಲ್ಲಿ ಅಷ್ಟು ಕಟ್ಟುನಿಟ್ಟಿರಲಿಲ್ಲ. ಊರಿನ ಅರ್ಧ ಹೆಂಗಸರು ಆಕೆಗೆ ತಂಗಿಯ ಮಗಳೋ ನಾದಿನಿಯ ಸೊಸೆಯೋ ಆಗುತ್ತಿದ್ದರು. ಹಾಗಾಗಿ ಅವರೆಲ್ಲ ಪುಕ್ಕಟೆ. ಬ್ರಾಹ್ಮಣರ ಓಣಿಯ ಅಜ್ಜಿಯೊಬ್ಬಳು ಕೂಡ ದಾವಲ್ ಬೀಯ ಚಿಕ್ಕಮ್ಮನೆಂದು ಒಳಗೆ ಹೋಗಿದ್ದು ಉಂಟು.

ಮುಂದಿನ ಗೇಟಿನಲ್ಲಿ ಟಿಕೆಟ್ ಹರಿದು, ಕತ್ತಲಾದ ಮೇಲೆ ಒಳಗೆ ಬಂದು ಮಂದಿಗೆ ಒದರುತ್ತಿದ್ದವನು ತಾಯಣ್ಣ. ಹಿರೇಕೊಟ್ನೆಕಲ್ಲಿನವನು. ಹತ್ತನೆಯ ಇಯತ್ತೆಯ ಲೆಕ್ಕದಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪರೀಕ್ಷೆಗೇ ಕೂಡದೆ ತನ್ನ ಮಾನವನ್ನೂ ಸರ್ಕಾರದ ಕಾಗದವನ್ನೂ ಉಳಿಸಿದವನು. ಅವನಿಗೆ ಒಂದು ಬಿಳಿ ಬೆಲ್‌ಬಾಟಂ ಪ್ಯಾಂಟಿತ್ತು. ಅದರ ಕೆಳಗಿನ ಅಗಲಕ್ಕೆ ಮಾನ್ವಿಯ ರಸ್ತೆಯ ಧೂಳೆಲ್ಲ ದಿನಾ ಅವನ ಜೊತೆ ಮನೆಗೆ ಬರುತ್ತಿತ್ತು. ತನ್ನನ್ನು ತಾನು ಅವನು ಗೇಟ್‌ಕೀಪರ್ ಅಂದುಕೊಂಡಿರಲಿಲ್ಲ. ಏನೋ ಕಾರಣಕ್ಕೆ ತಾತ್ಕಾಲಿಕವಾಗಿ ಗೇಟಿನ ಹತ್ತಿರ ನಿಂತಿರುವ ದೊಡ್ಡ ಮನುಷ್ಯ ಅಂದುಕೊಂಡಿದ್ದ. ನಿಂತು ಆರು ವರ್ಷವಾಗಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವನಿಗೆ ಹೆಣ್ಣು ನೋಡುವುದಾಯಿತು. ದೇವದುರ್ಗದ ಸುಂಕಪ್ಪನ ಮಗಳು ಕನಕಮ್ಮ. ಸುಂಕಪ್ಪ ಕಚೇರಿಯೊಂದರಲ್ಲಿ ಜವಾನ. ಜೀವನವಿಡೀ ದೊಡ್ಡವರ ಬಾಗಿಲು ತೆಗೆದು ಹಾಕಿ, ಯಾವ ಹುದ್ದೆಗೆ ಎಷ್ಟು ಬಗ್ಗಬೇಕು ಅನ್ನುವುದು ಬೆನ್ನಿಗೇ ಗೊತ್ತಿದ್ದ ಮನುಷ್ಯ.

"ಹುಡುಗಗ ಏನು ಕೆಲಸ?" ಅಂತ ಸುಂಕಪ್ಪ ಕೇಳಿದ.

"ಟಾಕೀಸಿನಾಗ ಮ್ಯಾನೇಜರ್," ಅಂದಳು ತಾಯಣ್ಣನ ಸೋದರತ್ತೆ, ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತ.

ಅಷ್ಟೊತ್ತಿಗೆ ತಾಯಣ್ಣ ಕೆಮ್ಮಬಹುದಿತ್ತು. 'ಹಂಗಲ್ರೀ' ಅನ್ನಬಹುದಿತ್ತು. ಕನಕಮ್ಮ ನೀರಿನ ತಂಬಿಗೆ ತಂದಿಟ್ಟಳು. ಬಿಸಿಲಿಗೆ ನಡೆದು ಬಂದ ತಾಯಣ್ಣ "ನೀರು ತಣ್ಣಗ ಅದಾವ್ರೀ" ಅಂದ. ಆಕೆ ಆ ಮಾತಿಗೆ ಯಾಕೋ ತಟ್ಟನೆ ತಲೆಯೆತ್ತಿ ನೋಡಿ, ತುಟಿ ಕಚ್ಚಿಕೊಂಡು ಒಳಗೆ ಹೋದಳು. ತಾಯಣ್ಣ ಅದನ್ನು ತನ್ನ ರೂಪಕ್ಕೆ ಸಂದ ಮರ್ಯಾದೆ ಅಂದುಕೊಂಡ. ಕೆಮ್ಮುವುದು ಬಿಟ್ಟು ಕಾಲ ಮೇಲೆ ಕಾಲು ಹಾಕಿಕೊಂಡ.

"ಹಂಗಾದ್ರ ಬರೋ ಐತವಾರ ಮಗಳನ್ನ ಕರಕೊಂಡು ಬರ್ತೀನಿ," ಅಂದ ಸುಂಕಪ್ಪ. "ನಿಮ್ಮ ಆಫೀಸು ನೋಡಿದಂಗೂ ಆತು, ಸಿನಿಮಾ ನೋಡಿದಂಗೂ ಆತು. ಸರಿ ಕಂಡ್ರ ಅವತ್ತೇ ಮಾತು ಮುಗಿಸೋಣು."

ವಾಪಸು ಬರುವ ಬಸ್ಸಿನಲ್ಲಿ ತಾಯಣ್ಣನಿಗೆ ಬೆವರು ಒಡೆಯಿತು. ಅತ್ತೆಗೆ ಮಾತ್ರ ಚಿಂತೆ ಇರಲಿಲ್ಲ. "ಮದುವಿ ಆದಮ್ಯಾಲ ಯಾವನಪಾ ಮ್ಯಾನೇಜರ್ ಆಗಿ ಉಳಿದಾನ?" ಅಂತ ಸಮಾಧಾನ ಹೇಳಿ ನಿದ್ದೆ ಹೋದಳು.

ದಾರಿ ಎರಡೇ ಇದ್ದವು. ಸುಳ್ಳನ್ನು ಹಿಂದಕ್ಕೆ ತಗೊಳ್ಳುವುದು, ಇಲ್ಲವೇ ಐತವಾರದೊಳಗೆ ಮ್ಯಾನೇಜರ್ ಆಗುವುದು. ಮೊದಲನೆಯದು ಕಷ್ಟದ ಕೆಲಸ ಅನ್ನಿಸಿ ತಾಯಣ್ಣ ಎರಡನೆಯದಕ್ಕೆ ಕೈಹಾಕಿದ.

ಮರುದಿನ ಮಾಲೀಕ ಸತ್ತಾರ್ ಸಾಬ್ ಟಿಕೆಟ್ ಕೋಣೆಯಲ್ಲಿ ಪಾನ್ ಜಗಿಯುತ್ತ ಕೂತಿದ್ದಾಗ ಹೋಗಿ ನಿಂತ.

"ಸಾಹೇಬ್ರ, ರಾಯಚೂರಾಗ ಈಗ ಪರದಿ ಎಲ್ಲಾ ಹೋತ್ರೀ. ಬಾಲ್ಕನಿಯಾಗ ಗಂಡ ಹೆಂಡ್ತಿ ಒಂದೇ ಸಾಲಿನಾಗ ಕುಂದ್ರತಾರ. ಫ್ಯಾಮಿಲಿ ಕ್ಲಾಸ್ ಅಂತಾರ. ಜೋಡಿ ಬಂದ್ರು ಅಂದ್ರ ಎರಡು ಟಿಕೆಟ್ ನೋಡ್ರಿ."

"ಈಗ ಬ್ಯಾರೆ ಬ್ಯಾರೆ ಬಂದ್ರೂ ಎರಡೇ ಟಿಕೆಟ್ ಅಲ್ಲೇನಲೇ?"

ಲೆಕ್ಕ ಮತ್ತೆ ತಾಯಣ್ಣನಿಗೆ ಕೈಕೊಟ್ಟಿತು. "ಹಂಗಲ್ರೀ, ಗಂಡ ಜೋಡಿ ಇದ್ದಾನಂದ್ರ ದಾವಲ್ ಬೀಗೆ ಸೊಸಿ ಆಗಾಕ ಬರಂಗಿಲ್ಲಲ್ರೀ. ಟಿಕೆಟ್ ತಗೊಳ್ಳಾಕೇ ಬೇಕು."

ಈ ಮಾತು ಮಾತ್ರ ಸತ್ತಾರ್ ಸಾಬನ ಎದೆಗೆ ನಾಟಿತು. ಪಾನ್ ಉಗುಳಿ ಬಂದ. "ಐತವಾರ ಮ್ಯಾಟ್ನಿಗೆ ಮಾಡಿ ನೋಡು. ಹೌಸ್ ಫುಲ್ ಆತು ಅಂದ್ರ ಅವತ್ತೇ ನೀ ಮ್ಯಾನೇಜರ್. ಏನರ ಹೆಚ್ಚು ಕಡಿಮಿ ಆತೋ, ಗೇಟೂ ಇಲ್ಲ."

"ಮತ್ತ ದಾವಲ್ ಬೀ?"

"ಪರದಿನೇ ಇಲ್ಲಂದ್ರ ಪರದಿ ಜಗ್ಗಾಕಿ ಯಾಕ? ನೀನೇ ಹೇಳಿ ಬಾ. ನಾ ಹೇಳಂಗಿಲ್ಲಪಾ. ಆಕಿ ನಮ್ಮಪ್ಪಗೇ ಬೈದಾಕಿ."

ದಾವಲ್ ಬೀ ಹಿಂದಿನ ಓಣಿಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಾಯಣ್ಣ ಬಂದದ್ದನ್ನು ಪ್ಯಾಂಟಿನ ಧೂಳಿನಿಂದಲೇ ಗುರುತು ಹಿಡಿದಳು.

"ಏನಲೇ, ಜನಾನಾ ಬಾಗಿಲಿಗೆ ಬಂದಿ? ಸೀರಿ ಉಟ್ಟು ಬಾ, ಬಿಡ್ತೀನಿ."

"ಖಾಲಾ, ಕಾಲ ಬದಲಾಗ್ಯಾದ," ಅಂತ ಶುರು ಮಾಡಿದ ತಾಯಣ್ಣ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. ಗಂಡ ಹೆಂಡತಿ ಜೋಡಿಯಾಗಿ ಕೂಡುವ ಕಾಲ, ರಾಯಚೂರು, ಬಾಲ್ಕನಿ, ಎಲ್ಲ.

ದಾವಲ್ ಬೀ ಅಕ್ಕಿಯಿಂದ ಒಂದು ಹರಳು ಹೆಕ್ಕಿ ಅವನ ಬೂಟಿನ ಹತ್ತಿರ ಒಗೆದಳು.

"ಅಂದ್ರ ನನ್ನ ತೆಗದ್ರಿ."

"ತೆಗದದ್ದು ಪರದಿನ್ನ ಖಾಲಾ..."

"ನಾ ಬ್ಯಾರೆ, ಪರದಿ ಬ್ಯಾರೆ ಏನಲೇ? ಹದಿನೈದು ವರ್ಷ ಈ ಊರಿನ ಮಾನ ಹಗ್ಗಕ್ಕ ಕಟ್ಟಿ ಹಿಡದೀನಿ. ಒಂದು ಹೆಣ್ಣಿನ ಮುಖ ಹೊರಗ ಬಿಟ್ಟಿಲ್ಲ. ನನ್ನ ಮನ್ಯಾಗ ನೋಡು. ನನ್ನ ಗಂಡ ಪೀರಾ ಸಾಬ್, ಸಿನಿಮಾ ಅಂದ್ರ ಗುನಾ ಅಂತಾನ, ಪಾಪ ಅಂತಾನ. ಹೆಂಡ್ತಿ ನೌಕರಿ ಇಲ್ಲೇ ಅದ, ಆದ್ರೂ ಒಂದು ದಿನ ಇದರ ಮೆಟ್ಟಲ ತುಳಿದಿಲ್ಲ. ಮಧ್ಯಾಹ್ನ ಆತಂದ್ರ ಮಸೀದಿ ಕಟ್ಟಿ ಮ್ಯಾಲ ತಸ್ಬಿ ಮಣಿ ಹಿಡಕೊಂಡು ಕುಂತಿರ್ತಾನ. ಅಂಥವರ ಮನಿತನ ನಂದು. ನನಗ ಕಾಲ ಬದಲಾಗ್ಯಾದ ಅಂತೀಯಲ್ಲ?"

ಇಲ್ಲಿ ತಾಯಣ್ಣನಿಗೆ ಬುದ್ಧಿ ಬರಬೇಕಿತ್ತು. ಯಾಕೆಂದರೆ ಪೀರಾ ಸಾಬನ ಟಿಕೆಟನ್ನು ವಾರಕ್ಕೆ ಮೂರು ಮಧ್ಯಾಹ್ನ ಹರಿಯುತ್ತಿದ್ದವನು ಅವನೇ. ಮುದುಕ ತಲೆಗೆ ಟವೆಲ್ ಸುತ್ತಿಕೊಂಡು ಬಂದು, ತಸ್ಬಿಯನ್ನು ಜೇಬಿಗಿಳಿಸಿ, ಕಂಬದ ಪಕ್ಕದ ಬೆಂಚಿನಲ್ಲಿ ಕೂಡುತ್ತಿದ್ದ. ಮುಂದಿನ ಗೇಟಿನ ಧರ್ಮ ಅಂತ ಒಂದಿತ್ತು: ಯಾರು ಬಂದರು, ಮನೆಯಲ್ಲಿ ಏನು ಹೇಳಿ ಬಂದರು ಅನ್ನುವುದು ಗೇಟಿನಿಂದ ಆಚೆ ಹೋಗಬಾರದು. ಹಿಂದಿನ ಬಾಗಿಲಿಗೂ ಅದೇ ಧರ್ಮವಿತ್ತು. ತವರಿಗೆ ಹೋದ ಸೊಸೆಯಂದಿರು, ಹರಕೆಗೆ ಹೋದ ಅತ್ತೆಯಂದಿರು ಅಲ್ಲಿಂದ ಒಳಗೆ ಬರುತ್ತಿದ್ದರು. ಊರಿನ ಅರ್ಧ ಗುಟ್ಟು ಮುಂದಿನ ಗೇಟಿಗೆ ಗೊತ್ತು, ಇನ್ನರ್ಧ ಹಿಂದಿನ ಬಾಗಿಲಿಗೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಯಾರಿಗೂ ಇರಲಿಲ್ಲ. ತಾಯಣ್ಣನಿಗೆ ಇದ್ದ ಸ್ವಲ್ಪ ಬುದ್ಧಿಯೂ ಆ ವಾರ ಪ್ಯಾಂಟಿಗೆ ಇಸ್ತ್ರಿ ಮಾಡಿಸಲು ಹೋಗಿತ್ತು.

"ಆತು," ಅಂದಳು ದಾವಲ್ ಬೀ, ಮೊರ ಎತ್ತಿಕೊಂಡು ಏಳುತ್ತ. "ಐತವಾರ ನಾನೂ ಬರ್ತೀನಿ. ಟಿಕೆಟ್ ತಗೊಂಡು, ಮುಂದಿನ ಬಾಗಿಲದಿಂದ ಬರ್ತೀನಿ. ನಿನ್ನ ಫ್ಯಾಮಿಲಿ ಕ್ಲಾಸ್ ಹ್ಯಾಂಗ ನಡೀತದ ನೋಡ್ತೀನಿ."

ಐತವಾರದ ಮ್ಯಾಟ್ನಿಗೆ ತಂದಿದ್ದು ಒಂದು ಸಾಂಸಾರಿಕ ಚಿತ್ರ. ಸತಿಪತಿಗಳು ಒಬ್ಬರಿಂದೊಬ್ಬರು ಏನನ್ನೂ ಮುಚ್ಚಿಡಬಾರದು ಅನ್ನುವುದು ಅದರ ನೀತಿ. ಟಾಂಗಾದಲ್ಲಿ ಮೈಕು ಕಟ್ಟಿ, "ಜೋಡಿಯಾಗಿ ಬನ್ನಿ, ಜೋಡಿಯಾಗಿ ಕುಳಿತು ನೋಡಿ" ಅಂತ ಊರೆಲ್ಲ ಸಾರಿಸಿದ್ದಾಯಿತು. ಊರು ಕೇಳಿಸಿಕೊಂಡಿತು. ಆದರೆ ಜೋಡಿ ಅನ್ನುವುದು ಹೊಸದಾಗಿ ಮದುವೆಯಾದ ಬೇರೆ ಯಾರಿಗೋ ಹೇಳಿದ್ದು, ನಮಗಲ್ಲ ಅಂತ ಪ್ರತಿಯೊಬ್ಬರೂ ತಿಳಿದರು. ಗಂಡಸರು ಎಂದಿನಂತೆ ಒಬ್ಬೊಬ್ಬರೇ ಮುಂದಿನಿಂದ ಬಂದರು. ಹೆಂಗಸರು ಎಂದಿನಂತೆ ಓಣಿಯಿಂದ ಬಂದರು. ನೀತಿ ಚಿತ್ರ ಅಂದಮೇಲೆ ಎರಡೂ ಕಡೆ ನೂಕುನುಗ್ಗಲು.

ಇದಕ್ಕೆ ತಾಯಣ್ಣ ಇನ್ನೊಂದು ಜಾಣತನವನ್ನೂ ಸೇರಿಸಿದ್ದ. ಮೊದಲ ದಿನ, ಮಂದಿ ನಾಚಬಾರದು ನೋಡಿ. ಅದಕ್ಕೆ ಮೊದಲಿಂದಲೇ ದೀಪ ಆರಿಸಿ, ಎಲ್ಲರನ್ನೂ ಕತ್ತಲಲ್ಲೇ ಒಳಗೆ ಬಿಡುವುದು. ಒಂದಷ್ಟು ಹೊತ್ತು ಒಟ್ಟಿಗೆ ಕೂತು ಅಭ್ಯಾಸವಾದ ಮೇಲೆ ಇಂಟರ್‌ವಲ್ಲಿನಲ್ಲಿ ಬೆಳಕು ಮಾಡಿದರೆ, ರಾಯಚೂರಿನವರ ಹಾಗೆ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಇದು ಯೋಜನೆ. ಬ್ಯಾಟರಿ ಹಿಡಿದು, ಬೆಳಕನ್ನು ನೆಲಕ್ಕೆ ಬಿಟ್ಟು, ಕಾಲುಗಳನ್ನು ಮಾತ್ರ ನೋಡುತ್ತ ಮಂದಿಯನ್ನು ಸಿಕ್ಕಸಿಕ್ಕಲ್ಲಿ ಕೂಡ್ರಿಸಿದ. ಕಟ್ಟೆ ತುಂಬಿತು. ಮಿಕ್ಕ ಹೆಂಗಸರನ್ನು ಬೆಂಚಿಗೆ ಇಳಿಸಿದ. ಸುಂಕಪ್ಪ ಮತ್ತು ಕನಕಮ್ಮನಿಗೆ ಮಾಲೀಕನ ಬೆತ್ತದ ಕುರ್ಚಿಗಳನ್ನೇ ತಂದು ಹಾಕಿದ. ದಾವಲ್ ಬೀ ನಡುಬೆಂಚಿನಲ್ಲಿ, ಎರಡು ಆಳಿನಷ್ಟು ಜಾಗ ಹಿಡಿದು ಕೂತಳು. ಆಕೆಯ ಮುಂದೆ ಎರಡು ಸಾಲಿನಾಚೆ, ಕಂಬದ ಪಕ್ಕ, ಒಂದು ಟವೆಲ್ ಸುತ್ತಿದ ತಲೆ.

ಹೊರಗೆ ಸತ್ತಾರ್ ಸಾಬ್ 'ಹೌಸ್ ಫುಲ್' ಬೋರ್ಡನ್ನು ತನ್ನ ಕೈಯಾರೆ ನೇತುಹಾಕಿದ. ಆ ಬೋರ್ಡಿನ ಮೇಲೆ ಗುಬ್ಬಚ್ಚಿ ಗೂಡು ಕಟ್ಟಿ ಎರಡು ವರ್ಷವಾಗಿತ್ತು.

ಮೊದಲರ್ಧ ಸೊಗಸಾಗಿ ಸಾಗಿತು. ಒಂದು ಕಡೆ ಮಾತ್ರ ಸಣ್ಣ ಗದ್ದಲ. ಬಟ್ಟೆ ಅಂಗಡಿಯ ಮೀರಾಹುಸೇನ, ಮಾಲು ತರಲು ರಾಯಚೂರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದವನು, ಪಕ್ಕದವರ ಮೊಣಕೈ ತಿವಿತಕ್ಕೆ ಬೇಸತ್ತಿದ್ದ. ಆ ಮೊಣಕೈಯೂ ಜಾಗ ಬಿಡಲೊಲ್ಲದು. ಇವನು ತಿವಿದರೆ ಅದೂ ತಿವಿಯುತ್ತಿತ್ತು. 'ಎಲ್ಲೋ ಈ ತಿವಿತ ನೋಡಿದಂಗದ' ಅಂತ ಅವನಿಗೆ ಒಂದು ಸಲ ಅನ್ನಿಸಿತಂತೆ. ಆದರೆ ಸಿನಿಮಾದಲ್ಲಿ ಅಷ್ಟೊತ್ತಿಗೆ ನಾಯಕಿ ಅಳತೊಡಗಿದಳು.

ಇಂಟರ್‌ವಲ್ ಬಂತು. "ಪರದಾ!" ಅನ್ನುವವರು ಯಾರೂ ಇರಲಿಲ್ಲ. ತಾಯಣ್ಣ ಅವತ್ತಿಗೆಂದೇ ಎರವಲು ತಂದ ಕೋಟಿನ ಗುಂಡಿ ಹಾಕಿಕೊಂಡು, ಆಪರೇಟರಿಗೆ ಕೈ ಬೀಸಿ, ಕನಕಮ್ಮನ ಕಡೆ ಒಂದು ನೋಟ ಬೀರಿ ನಿಂತ. ದೀಪ ಹತ್ತಿದವು.

ಹತ್ತಿ ಟಾಕೀಸಿನಲ್ಲಿ ಅಂಥ ಮೌನ ಅದು ಗೋದಾಮಾಗಿದ್ದಾಗಲೂ ಇದ್ದಿರಲಿಕ್ಕಿಲ್ಲ. ತೊಲೆಯಿಂದ ಒಂದು ಹತ್ತಿಯ ಎಳೆ ಇಳಿದು ಬರುತ್ತಿದ್ದದ್ದು ಎಲ್ಲರಿಗೂ ಕಾಣಿಸಿತು.

ಮೊದಲು ಬಾಯಿಬಿಟ್ಟದ್ದು ಮೊಣಕೈ.

"ಏನ್ರೀ, ರಾಯಚೂರು ಇಲ್ಲಿಗೇ ಬಂತೇನು?" ಅಂದಳು ಮೀರಾಹುಸೇನನ ಹೆಂಡತಿ.

"ನೀ ತಲಿನೋವು ಅಂತ ಮಲಗಿದ್ದಿ ಅಲ್ಲೇನು?" ಅಂದ ಮೀರಾಹುಸೇನ.

ಆಮೇಲೆ ಯಾವ ಮಾತು ಯಾರದೋ ತಿಳಿಯದಂತಾಯಿತು. ಒಬ್ಬ ಸೊಸೆ ಬೆಂಚಿನ ಕೆಳಗೆ ಇಳಿದಳು. ಅಲ್ಲಿ ಆಗಲೇ ಆಕೆಯ ಮಾವ ಇಳಿದಿದ್ದ. ಉಪವಾಸವೆಂದು ಬೆಳಗಿನಿಂದ ಮನೆಯಲ್ಲಿ ನೀರು ಮುಟ್ಟದಿದ್ದ ಒಬ್ಬ ಅತ್ತೆ ಕೈಯಲ್ಲಿ ಮಿರ್ಚಿ ಹಿಡಿದು, ಬಾಯಿಗೂ ಒಯ್ಯಲಾಗದೆ ಕೆಳಗೂ ಇಡಲಾಗದೆ ನಿಂತುಬಿಟ್ಟಳು. ದಾವಲ್ ಬೀ ಮಾತ್ರ ಸೊಂಟಕ್ಕೆ ಕೈಯಿಟ್ಟು, ಇಡೀ ಸಭೆಯ ಮೇಲೆ ಒಂದು ಗೆಲುವಿನ ನಗೆ ಬೀರುತ್ತ ತಲೆ ತಿರುಗಿಸಿದಳು. ತಿರುಗುತ್ತ ತಿರುಗುತ್ತ ಆ ನಗೆ ಕಂಬದ ಹತ್ತಿರ ಬಂದು ನಿಂತಿತು.

ಪೀರಾ ಸಾಬ್ ಟವೆಲನ್ನು ಕಣ್ಣಿನ ತನಕ ಎಳೆದುಕೊಂಡ. ಆ ಟವೆಲ್ಲು ಒಗೆದು ಕೊಟ್ಟವಳು ದಾವಲ್ ಬೀಯೇ.

"ಅಯ್ಯಯ್ಯೋ! ಮಸೀದಿ ಕಟ್ಟಿ ಇಲ್ಲಿಗೆ ತಂದಿಯೇನೋ ಮುದುಕಾ?"

"ಇವತ್ತೇ ಬಂದೀನಿ..."

"ಸುಳ್ಳು! ಆ ಕಂಬಕ್ಕ ನಿನ್ನ ತಲಿಯ ಎಣ್ಣಿ ಹತ್ತಿ ಕರ್‍ರಗ ಆಗ್ಯಾದ. ಯಾವನ ತಲಿಯೋ ಇದು ಅಂತ ನಾ ವರ್ಷಗಟ್ಟಲೆ ಬೈದೀನಿ. ಈ ಗುನಾ ಯಾಕ ಮಾಡಿದಿ, ಹೇಳು."

ಪೀರಾ ಸಾಬ್ ಇನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲವೆಂದು ಟವೆಲ್ ಬಿಚ್ಚಿದ. "ಮನ್ಯಾಗ ಇದ್ರ ನಿನ್ನ ಬೈಗಳ ಪೂರಾ ನನಗ ಒಬ್ಬಗೇ. ಇಲ್ಲಿ ಊರೆಲ್ಲಾ ಹಂಚಿಕೊಳ್ತದ. ನನ್ನ ಪಾಲಿಗೆ ಕಡಿಮಿ ಬರ್ತದ ಅಂತ ಬಂದು ಕುಂದ್ರತಿದ್ದೆ."

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆದರೆ ಗಂಡಸರಿಗೆ ನಗುವ ಸ್ಥಿತಿ ಇರಲಿಲ್ಲ. ಹೆಂಡಂದಿರಿಗೆ ಉತ್ತರ ಕೊಡುವುದಕ್ಕಿಂತ ಬೇರೆ ಯಾರನ್ನಾದರೂ ಹಿಡಿದು ಹೊಡೆಯುವುದು ಹಗುರ ಅಂತ ಎಲ್ಲರಿಗೂ ಒಮ್ಮೆಲೇ ಹೊಳೆಯಿತು.

"ಪರದಿ ತೆಗದಾವ ಯಾವ ಸೂಳೆಮಗ? ಮ್ಯಾನೇಜರ್ ಎಲ್ಲಿ? ಕರೀರಿ ಮ್ಯಾನೇಜರನ್ನ!"

ಬಾಗಿಲಲ್ಲಿ ಸತ್ತಾರ್ ಸಾಬ್ ಪ್ರತ್ಯಕ್ಷನಾದ. ವ್ಯಾಪಾರಸ್ಥ, ಒಂದು ಕ್ಷಣದಲ್ಲಿ ಲಾಭ ನಷ್ಟ ತೂಗಿದ. ಮಾತು ಕೊಟ್ಟದ್ದನ್ನು ನಡೆಸಿಕೊಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

"ಅಲ್ಲೇ ನಿಂತಾನ ನೋಡ್ರಿ," ಅಂತ ಬೆರಳು ತೋರಿಸಿದ. "ಹೌಸ್ ಫುಲ್ ಆಗ್ಯಾದ. ಇವತ್ತಿಂದ ತಾಯಣ್ಣನೇ ನಮ್ಮ ಮ್ಯಾನೇಜರ್!"

ವಾರವಿಡೀ ತಾಯಣ್ಣ ಕನಸು ಕಂಡದ್ದು ಇದನ್ನೇ. ತುಂಬಿದ ಸಭೆಯಲ್ಲಿ, ಮಾಲೀಕನ ಬಾಯಿಂದ, ಸುಂಕಪ್ಪನ ಕಿವಿಗೆ ಬೀಳುವ ಹಾಗೆ. ಸುಂಕಪ್ಪ ಬೆತ್ತದ ಕುರ್ಚಿಯಿಂದ ಅರ್ಧ ಎದ್ದು, ಮ್ಯಾನೇಜರನಿಗೆ ಎಷ್ಟು ಬಗ್ಗಬೇಕೋ ಅಷ್ಟು ಬಗ್ಗಲು ಬೆನ್ನನ್ನು ಸಜ್ಜು ಮಾಡಿಕೊಳ್ಳುತ್ತಿದ್ದ. ಕನಕಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೀರಾಹುಸೇನ ಅಂಗಿಯ ತೋಳು ಮೇಲೇರಿಸುತ್ತ ಬೆಂಚು ದಾಟಿ ಬರುತ್ತಿದ್ದ.

ತಾಯಣ್ಣನ ಬಾಯಿ ಅವನನ್ನು ಕೇಳದೆಯೇ ತೆರೆಯಿತು.

"ನಾ ಮ್ಯಾನೇಜರ್ ಅಲ್ರೀ! ನಾ ಗೇಟ್‌ಕೀಪರ್‍ರೀ! ಟಿಕೆಟ್ ಹರಿಯಾವ್ರೀ! ಆರು ವರ್ಷದಿಂದ ಬರೇ ಗೇಟ್‌ಕೀಪರ್‍ರೀ ಯಪ್ಪಾ!"

ಆ ಕೂಗು ಬಜಾರಿನ ತನಕ ಕೇಳಿಸಿತೆಂದು ಆಮೇಲೆ ಹೇಳಿದರು. ಮೀರಾಹುಸೇನನ ಕೈ ಅಲ್ಲೇ ನಿಂತಿತು. ದಿನಾ ತನ್ನ ಟಿಕೆಟ್ ಹರಿದು ಗುಟ್ಟು ಕಾಯುವ ಗೇಟ್‌ಕೀಪರನನ್ನು ಹೊಡೆಯುವುದು ಹೇಗೆ? ಸುಂಕಪ್ಪ ಮೆಲ್ಲಗೆ ಕುರ್ಚಿಯಲ್ಲಿ ಕೂತ.

ಗದ್ದಲ ಮತ್ತೆ ಏಳುವುದರೊಳಗೆ ದಾವಲ್ ಬೀ ಬೆಂಚಿನ ಮೇಲೆ ಹತ್ತಿ ನಿಂತಳು. ಪರದೆ ಇರಲಿಲ್ಲ, ಹಗ್ಗ ಇರಲಿಲ್ಲ, ಮೊದಲು ಗಂಡನಿಗೆ ಏನು ಮಾಡಬೇಕೆಂದೂ ಆಕೆಗೆ ತಿಳಿದಿರಲಿಲ್ಲ. ಅಭ್ಯಾಸಬಲದಿಂದ ಗಂಟಲೆತ್ತಿದಳು.

"ಲೈಟ್ ಆರಸಲೇ!"

ಆಪರೇಟರ್ ಹದಿನೈದು ವರ್ಷ ಆ ಗಂಟಲಿಗೆ ಹೆದರಿದವನು. ದೀಪ ಆರಿದವು. ಕತ್ತಲಾದದ್ದೇ ತಡ, ಇಡೀ ಟಾಕೀಸು ಉಸಿರು ಬಿಟ್ಟಿತು. ಯಾರಿಗೂ ಯಾರೂ ಕಾಣದಾದ ಮೇಲೆ ಬೈಯುವುದಕ್ಕೂ ಹುರುಪು ಉಳಿಯಲಿಲ್ಲ. ಉಳಿದರ್ಧ ಸಿನಿಮಾವನ್ನು ಸತಿಪತಿಗಳು ಸದ್ದಿಲ್ಲದೆ ನೋಡಿದರು. ಮುಗಿಯುವ ಮೊದಲೇ ದಾವಲ್ ಬೀ ಹೆಂಗಸರನ್ನೆಲ್ಲ ಕತ್ತಲಲ್ಲಿ ಹಿಂದಿನ ಬಾಗಿಲಿಂದ ಓಣಿಗೆ ಸಾಗಿಸಿದಳು. ಗಂಡಸರು ಮನೆ ಮುಟ್ಟುವುದರೊಳಗೆ ಅವರು ಒಲೆ ಹಚ್ಚಿ, ನಾವು ಎಲ್ಲಿಗೂ ಹೋದವರೇ ಅಲ್ಲ ಅನ್ನುವ ಮುಖ ಮಾಡಿಕೊಂಡಿರಬೇಕಲ್ಲ.

ಸತ್ತಾರ್ ಸಾಬ್ ಓಣಿಗೆ ಓಡಿಬಂದು ಕೈಮುಗಿದ. "ದಾವಲ್ ಬೀ, ನಾಳಿಂದ ಪರದಿ ಹಾಕಸ್ತೀನಿ. ನೀ ಬರಬೇಕು ತಾಯಿ."

"ಬರ್ತೀನಿ. ಹೊಸಾ ಪರದಿ ಬೇಕು. ದಪ್ಪಂದು. ಈ ಮುದುಕಗ ದಿನಾ ಫ್ರೀ ಟಿಕೆಟ್ ಬೇಕು."

"ಇಷ್ಟು ಬೈದಿ, ಈಗ ಫ್ರೀ ಟಿಕೆಟ್?"

"ಮತ್ತ? ಇಷ್ಟು ದಿನ ನನ್ನ ಸೆರಗಿನ ಗಂಟು ಬಿಚ್ಚಿ ಟಿಕೆಟ್ ತಗೊಂಡಾನ. ಅದು ಯಾರ ರೊಕ್ಕ?"

"ಮತ್ತ ಈ ತಾಯಣ್ಣಂದು?"

ದಾವಲ್ ಬೀ ಗೋಡೆಗೊರಗಿ ನಿಂತಿದ್ದ ತಾಯಣ್ಣನನ್ನು ಮೇಲಿಂದ ಕೆಳಗೆ ನೋಡಿದಳು. ಓಡಾಟದಲ್ಲಿ ಬೆಲ್‌ಬಾಟಂ ಒಂದು ಕಡೆ ಮೊಣಕಾಲ ತನಕ ಹರಿದಿತ್ತು.

"ಇರ್ಲಿ ಬಿಡ್ರಿ ಗೇಟಿಗೆ. ಅಂವಗ ಬ್ಯಾರೆ ಏನು ಬರ್ತದ?"

ತಾಯಣ್ಣನಿಗೆ ನೌಕರಿ ಉಳಿದದ್ದು ಅಷ್ಟು ಸಮಾಧಾನ ಕೊಡಲಿಲ್ಲ. ಸುಂಕಪ್ಪ ಮಗಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದ. ತಾಯಣ್ಣ ಹರಿದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ಹಿಂದೆಯೇ ಹೋದ. ದೇವದುರ್ಗದ ಬಸ್ಸು ಇನ್ನೂ ಬಂದಿರಲಿಲ್ಲ. ಬೇವಿನ ಮರದ ಕೆಳಗೆ ಮೂವರೂ ನಿಂತರು.

"ಮ್ಯಾನೇಜರ್ ಅಂತ ಯಾಕ ಹೇಳಿದಿ?" ಅಂದ ಸುಂಕಪ್ಪ, ರಸ್ತೆಯ ಕಡೆ ನೋಡುತ್ತ.

"ನಾ ಹೇಳಲಿಲ್ರೀ. ನಮ್ಮತ್ತಿ ಹೇಳಿದ್ಳು. ನಾ ಸುಮ್ನ ಕುಂತಿದ್ದೆ."

"ಸುಮ್ನ ಕುಂದ್ರೋದೂ ಒಂದು ಹೇಳೋದೇ."

"ಹೌದ್ರೀ."

ಸುಂಕಪ್ಪ ಬೀಡಿ ಹಚ್ಚಿದ. "ನಾ ಮೂವತ್ತು ವರ್ಷ ಕಚೇರಿಯಾಗ ಸಾಹೇಬ್ರನ್ನ ನೋಡೀನಿ. ಮಂದಿ ಹೊಡಿಯಾಕ ಬಂದಾಗ ಒಬ್ಬರೂ 'ನಾ ಸಾಹೇಬ ಅಲ್ಲ' ಅಂದಿಲ್ಲ. 'ಜವಾನ ತಪ್ಪು ಮಾಡ್ಯಾನ' ಅಂದಾರ. ಇವತ್ತು ಆ ಟಾಕೀಸಿನಾಗ ಅಷ್ಟೂ ಮಂದಿಯೊಳಗ ಖರೇ ಹೇಳಿದಾವ ನೀ ಒಬ್ಬನೇ. ಹೆದರಿ ಹೇಳಿದಿ, ಖರೇ. ಆದ್ರ ಹೇಳಿದಿ."

ತಾಯಣ್ಣನಿಗೆ ಇದು ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಪ್ಯಾಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ನೀ ಏನಂತಿಯವ್ವಾ?" ಅಂತ ಸುಂಕಪ್ಪ ಮಗಳ ಕಡೆ ತಿರುಗಿದ. "ಮ್ಯಾನೇಜರ್ ಅಂತ ತಿಳಿದು ಹೂಂ ಅಂದಿದ್ದಿ. ಈಗ ನೋಡಿದ್ರ ಗೇಟ್‌ಕೀಪರ್."

"ನಾ ಗೇಟ್‌ಕೀಪರ್‍ಗೇ ಹೂಂ ಅಂದಿದ್ದೆ," ಅಂದಳು ಕನಕಮ್ಮ. "ಮನಿಗೆ ಬಂದು 'ನೀರು ತಣ್ಣಗ ಅದಾವ್ರೀ' ಅಂದ್ರಲ್ಲ, ಅವಾಗೇ ದನಿ ಗುರ್ತು ಹಿಡದೆ. 'ಕಾಲು ಇಳಸ್ರೋ, ಬೀಡಿ ಆರಸ್ರೋ' ಅಂತ ಕತ್ತಲದಾಗ ಒದರೋರು ಇವರೇ ಅಂತ."

ಹೇಳಿದ ಮೇಲೆ ಆಕೆಗೆ ತಾನು ಏನು ಹೇಳಿದೆನೆಂದು ತಿಳಿಯಿತು. ತಾಯಣ್ಣನಿಗೂ ತಿಳಿಯಿತು. ಸುಂಕಪ್ಪನ ಬೀಡಿ ಬಾಯಿಂದ ಅರ್ಧ ದಾರಿಯಲ್ಲಿ ನಿಂತಿತು.

"ನೀ ಯಾವಾಗ ಕೇಳಿದಿ?"

"ಇಲ್ಲೇ ಮಾನ್ವಿಯಾಗ ಚಿಗವ್ವನ ಮನಿಗೆ ಬಂದಾಗ," ಅಂದಳು ಕನಕಮ್ಮ, ಬಹಳ ಸಣ್ಣ ದನಿಯಲ್ಲಿ. "ಹೊಲಿಗಿ ಕಲಿಯಾಕ ಬರ್ತಿದ್ದೆನಲ್ಲ..."

ಅಷ್ಟರಲ್ಲಿ ಬಸ್ಸು ಬಂತು. ಕನಕಮ್ಮ ಅಪ್ಪನಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತು, ಸೆರಗು ಮುಂದೆಳೆದುಕೊಂಡಳು. ಸುಂಕಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

"ಗುರುವಾರ ಹಿರ್‍ಯಾರನ್ನ ಕರಕೊಂಡು ಬಾ. ಬ್ಯಾರೆ ಪ್ಯಾಂಟ್ ಹಾಕ್ಕೊಂಡು ಬಾ."

"ಬರ್ತೀನ್ರೀ!" ಅಂದ ತಾಯಣ್ಣ. ಅದೂ ಬಜಾರಿನ ತನಕ ಕೇಳಿಸಿತು.

ಕಂಡಕ್ಟರ್ ಸೀಟಿ ಊದಿದ. ಸುಂಕಪ್ಪ ಮಾತ್ರ ಒಳಗೆ ಹೋಗದೆ, ಏನನ್ನೋ ಲೆಕ್ಕ ಹಾಕುವವನಂತೆ ನಿಂತೇ ಇದ್ದ. ಆಮೇಲೆ ಬಾಗಿ, ಮಗಳಿಗೆ ಕೇಳಿಸದಂತೆ ಕೇಳಿದ:

"ಏನಪಾ, ಮಾನ್ವಿಯಾಗ ಹಲ್ಲಿನ ಡಾಕ್ಟರ್ ಅದಾರೇನು?"

"ಇಲ್ರೀ. ಹಲ್ಲಿಗೆ ರಾಯಚೂರಿಗೇ ಹೋಗಬೇಕು. ಯಾಕ್ರೀ?"

"ನಮ್ಮ ಮನಿಯಾಕಿ ತಿಂಗಳಿಗೊಮ್ಮೆ ಇಲ್ಲಿಗೇ ಬರ್ತಾಳ," ಅಂದ ಸುಂಕಪ್ಪ, "ಹಲ್ಲು ತೋರಸಾಕ." ಒಳಗೆ ಹೆಜ್ಜೆಯಿಡುತ್ತ ಮತ್ತೆ ಹೇಳಿದ, "ಆ ಪರದಿ ಲಗೂ ಹಾಕಸ್ರಪಾ."